ಫಳಫಳಕ್ಕ ಕೊಡವಿದ ಕೆಂಪು ಹೊದಿಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿತ್ರಮಂದಿರದ ಹಿಂಬಾಗಿಲು ಅರ್ಧ ತೆರೆದಿದೆ. ಒಳಗೆ ಕಾಲಿಟ್ಟರೆ ಹಿಂದಿನ ದಿನದ ಪಾಪ್‌ಕಾರ್ನ್ ವಾಸನೆ, ಅದರ ಮೇಲೆ ಸೋಪಿನ ನೀರಿನ ವಾಸನೆ. ನಾನು ಮೆಟ್ಟಿಲು ಹುಡುಕುತ್ತ ತಡವರಿಸುತ್ತಿರುವಾಗ ಕುರ್ಚಿಗಳ ನಡುವೆ ಎಲ್ಲಿಂದಲೋ ಒಂದು ದನಿ ಬರುತ್ತದೆ. "ಅಲ್ಲೇ ನಿಲ್ಲಿ! ನೆಲ ಒದ್ದೆ ಇದೆ. ನೀವು ಜಾರಿ ಬಿದ್ರೆ ಆಮೇಲೆ ನನ್ನ ತಲೆಗೆ ಬರುತ್ತೆ."

ದನಿಯ ಹಿಂದೆಯೇ ಒಂದು ತಲೆ ಮೇಲೇಳುತ್ತದೆ. ತಲೆಗೂ ಮೂಗಿಗೂ ಬಟ್ಟೆ ಸುತ್ತಿದೆ, ಕಣ್ಣೆರಡು ಮಾತ್ರ ಕಾಣುತ್ತವೆ. ಮೆತ್ತನೆಯ ಆಸನಗಳ ಧೂಳನ್ನು ಮೊದಲು ಯಂತ್ರದಿಂದ ಎಳೆಯುತ್ತಾರೆ. ಆ ಯಂತ್ರಕ್ಕೆ ಅವರಿಟ್ಟ ಹೆಸರು ಹೊಟ್ಟೆಬಾಕ. ಆಮೇಲೆ ಹಿಂಡಿದ ಬಟ್ಟೆ ಹಿಡಿದು ಕುರ್ಚಿಯ ನೆತ್ತಿ, ಬೆನ್ನು, ಕೈ, ಕಾಲು ಅಂತ ಮೇಲಿನಿಂದ ಕೆಳಕ್ಕೆ ಒರೆಸಿಕೊಂಡು ಬರುತ್ತಾರೆ. ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ ತಿರುಗಿತೋ, ಚೆಲ್ಲಿ ಹೊಸ ನೀರು. ನೆಲಕ್ಕೆ ಕೊನೆಯ ಸರದಿ. ಇಷ್ಟು ದೊಡ್ಡ ಹಾಲಿನಲ್ಲಿ ಎಲ್ಲಿ ಕಣ್ಣು ಹಾಯಿಸಿದರೂ ಒಂದು ಪೊರಕೆ ಕಾಣುವುದಿಲ್ಲ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಫಳಫಳಕ್ಕ ಅಂತ. ಮ್ಯಾನೇಜರರಿಂದ ಹಿಡಿದು ಸೈಕಲ್ ಕಾಯುವವರವರೆಗೆ ಅದೇ ಹೆಸರು. ಈ ಹಾಲಿನ ನೆಲದಲ್ಲಿ ಮುಖ ಕಾಣುತ್ತದೆ, ಆ ಹೆಂಗಸಿನ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದು ಪರಿಚಯದವರೊಬ್ಬರು ನನ್ನ ಬೆನ್ನು ಹತ್ತಿದ್ದರು. ಬೆಳಗಿನ ನಿದ್ದೆ ಬಿಟ್ಟು ಬರುವ ಜಾಯಮಾನ ನನ್ನದಲ್ಲ. ಆದರೂ ಒಳ್ಳೆಯ ಮನಸ್ಸಿನಿಂದಲೇ, ಹೊಗಳಲೆಂದೇ ಬಂದಿದ್ದೇನೆ.

ಫಳಫಳಕ್ಕ ಮೂಗಿನ ಬಟ್ಟೆ ಕೆಳಗಿಳಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. "ಹೊಗಳೋಕೆ ಬಂದಿದ್ರೆ ಬಂದ ದಾರಿಗೆ ಸುಂಕ ಇಲ್ಲ, ಹೋಗಿ ಬನ್ನಿ," ಎನ್ನುತ್ತಾರೆ. ನಾನು ಹಲ್ಲು ಕಿರಿಯುತ್ತೇನೆ. ಅವರು ಕಿರಿಯುವುದಿಲ್ಲ. "ತಮಾಷೆ ಅಲ್ಲ. ನನ್ನ ಮರ್ಯಾದೆ ಹೋಗೋ ವಿಷಯ ಒಂದಿದೆ. ಅದನ್ನ ಬರೀತೀನಿ ಅಂದ್ರೆ ಕೂತ್ಕೊಳ್ಳಿ, ಚಹಾ ತರಿಸ್ತೀನಿ. ಇಲ್ಲಾಂದ್ರೆ ನನಗೆ ಇನ್ನೂ ಬಾಲ್ಕನಿ ಬಾಕಿ ಇದೆ."

ಇಂಥ ಷರತ್ತು ಹಾಕಿದವರು ನನಗೆ ಇದುವರೆಗೆ ಸಿಕ್ಕಿಲ್ಲ. ಪತ್ರಿಕೆಯಿಂದ ಬಂದಿದ್ದೇನೆ ಎಂದರೆ ಜನ ತಲೆ ಬಾಚಿಕೊಳ್ಳುತ್ತಾರೆ. ನಾನು ತೆರೆಯ ಮುಂದಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಅವರು ಕೈ ತೊಳೆದು ಬಂದು ಎರಡು ಮೆಟ್ಟಿಲು ಕೆಳಗೆ ಕೂರುತ್ತಾರೆ, ಮೇಲೆ ಬನ್ನಿ ಎಂದರೂ ಬರುವುದಿಲ್ಲ.

"ಇವತ್ತು ನಮ್ಮ ಸೊಸೆ ಬರ್ತಾಳೆ," ಎಂದು ಶುರು ಮಾಡುತ್ತಾರೆ. "ಮೊಮ್ಮಗಳನ್ನ ಕರ್ಕೊಂಡು ಬರ್ತಾಳೆ, ಮನೆ ನೋಡೋಕೆ. ಮನೆ ನೋಡಿ ಸರಿ ಅನ್ನಿಸಿದ್ರೆ ಇರ್ತಾಳೆ. ಇಲ್ಲಾಂದ್ರೆ ವಾಪಸ್ ಹೋಗ್ತಾಳೆ. ಹೋದ್ರೂ ನಾನು ಒಂದು ಮಾತು ಆಡೋ ಹಾಗಿಲ್ಲ. ಆಡೋ ಬಾಯಿ ನಾನು ಉಳಿಸ್ಕೊಂಡಿಲ್ಲ." ಹೇಳುತ್ತ ಹೇಳುತ್ತ ಒದ್ದೆ ಬಟ್ಟೆಯನ್ನು ಮಡಿಚಿ ಮಡಿಚಿ ಅಂಗೈಯಷ್ಟು ಚಿಕ್ಕದು ಮಾಡುತ್ತಾರೆ.

ಫಳಫಳಕ್ಕ ಈ ಕೆಲಸಕ್ಕೆ ಸೇರಿದ್ದು ಗಂಡ ತೀರಿಕೊಂಡ ವರ್ಷ. ಮಗ ಆಗ ಕಂಕುಳಲ್ಲಿದ್ದ. ಅವನನ್ನು ಹಿಂದಿನ ಸಾಲಿನ ಕುರ್ಚಿಯಲ್ಲಿ ಮಲಗಿಸಿ, ಎದ್ದು ಬೀಳದಂತೆ ಪಕ್ಕದ ಕುರ್ಚಿಗೆ ಒಂದು ದಿಂಬು ಒತ್ತರಿಸಿ ಇವರು ಮುಂದಿನ ಸಾಲಿನಿಂದ ಗುಡಿಸಿಕೊಂಡು ಬರುತ್ತಿದ್ದರು. ಅವನಿಗೆ ಎಚ್ಚರವಾಗುವ ಹೊತ್ತಿಗೆ ಅವನ ಸಾಲು ತಲುಪಿರಬೇಕು, ಅದೇ ಅವರ ಗಡಿಯಾರ. ಆ ಮಗ ಈಗ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನೆ. ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ. ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲವಾದ್ದರಿಂದ ಮನೆಯಲ್ಲಿ ಅವಳು ಚಟಪಟಿ.

ಪೊರಕೆ ಹಿಡಿದರೆ ಫಳಫಳಕ್ಕನನ್ನು ಮೀರಿಸುವವರು ಇರಲಿಲ್ಲ ಎಂಬುದು ಸುಳ್ಳಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುವ ಮುದುಕಪ್ಪ ಚಹಾ ತಂದುಕೊಟ್ಟವರು ಅಲ್ಲೇ ನಿಂತು ಸಾಕ್ಷಿ ನುಡಿಯುತ್ತಾರೆ. "ಅಕ್ಕ ಪೊರಕೆ ತಗೊಂಡ್ರು ಅಂದ್ರೆ ನಾವೆಲ್ಲ ಹೊರಗೆ ಓಟ! ಮೋಡ ಎದ್ದ ಹಾಗೆ ಧೂಳು ಏಳೋದು. ಸೀನಿ ಸೀನಿ ಸಾಕಾಗೋದು. ಆದ್ರೂ ನಾವು ಏನಂತಿದ್ವಿ? ಆಹಾ, ಗುಡಿಸಿದ್ರೆ ಹೀಗೆ ಗುಡಿಸಬೇಕು ಅಂತಿದ್ವಿ." ಫಳಫಳಕ್ಕ ನೆಲ ನೋಡುತ್ತಾರೆ. ಧೂಳು ಎದ್ದಷ್ಟೂ ಕೆಲಸ ಚೆನ್ನಾಗಿ ಆಗುತ್ತಿದೆ ಎಂದು ಇಡೀ ಚಿತ್ರಮಂದಿರ ನಂಬಿತ್ತು. ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಅವರೇ.

ಮುದುಕಪ್ಪನನ್ನು "ನಿಮ್ಮ ಬಾಗಿಲು ನೋಡ್ಕೊಳ್ಳಿ ಹೋಗಿ" ಎಂದು ಅಟ್ಟಿ ಫಳಫಳಕ್ಕ ಹೊದಿಕೆಯ ಕಥೆಗೆ ಬರುತ್ತಾರೆ.

ಈಗ ಬಿಳಿಯ ದೊಡ್ಡ ತೆರೆ ಇರುವ ಜಾಗದಲ್ಲಿ ಮೊದಲು ಕೆಂಪು ಮಖಮಲ್ ಪರದೆ ಇತ್ತು. ಆಟ ಶುರುವಾಗುವಾಗ ಎರಡೂ ಕಡೆಗೆ ಸರಿಯುವ, ನೆಲ ಮುಟ್ಟುವ ಭಾರದ ಪರದೆ. ಇವರು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅಲ್ಲೇ ನೇತಾಡುತ್ತಿತ್ತು, ಒಂದು ದಿನವೂ ಕೆಳಗಿಳಿದಿರಲಿಲ್ಲ. ಹೊಸ ತೆರೆ ಬಂದಾಗ ಅದನ್ನು ಇಳಿಸಿ ಹಿತ್ತಲಿಗೆ ಎಸೆದರು. ಬೇಕಾದವರು ತಗೊಳ್ಳಿ ಎಂದರು ಮ್ಯಾನೇಜರು. ಯಾರೂ ಮುಂದೆ ಬರಲಿಲ್ಲ. ಫಳಫಳಕ್ಕ ಕತ್ತರಿ ತಂದು ಚೆನ್ನಾಗಿದ್ದ ಭಾಗ ಕತ್ತರಿಸಿ, ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋದರು.

"ಜೀವಮಾನ ಪೂರ್ತಿ ದೂರದಿಂದ ನೋಡಿದ್ದ ಪರದೆ ಅದು," ಎನ್ನುತ್ತಾರೆ. "ಮುಟ್ಟಿದ್ರೆ ಬೆಕ್ಕಿನ ಮರಿ ಮುಟ್ಟಿದ ಹಾಗೆ. ನಮ್ಮ ಚಟಪಟಿ ಇದನ್ನ ಹೊದ್ಕೊಂಡು ಮಲಗಿದ್ರೆ ಯಾವ ರಾಜಕುಮಾರಿಗೆ ಕಡಿಮೆ ಅಂದ್ಕೊಂಡೆ. ಮಹಡಿ ಮೇಲೆ ಹಾಕಿ ಕೋಲಲ್ಲಿ ಬಡಿದೆ, ಕೊಡವಿದೆ. ಆಯ್ತು, ಇನ್ನೇನು ಅಂದೆ."

ಹೊದಿಕೆ ಹೊಲಿದವಳು ಸೊಸೆ. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಾಳೆ. ಆ ಮಖಮಲ್ಲನ್ನು ಸೂಜಿಯ ಕೆಳಗೆ ಇಟ್ಟ ಗಳಿಗೆಯಿಂದ ಅವಳಿಗೆ ಸೀನು ಹತ್ತಿತು. ಕಣ್ಣು ಕೆಂಪಗಾಯಿತು. "ಅತ್ತೆ, ಇದರೊಳಗೆ ಧೂಳಿದೆ, ಮೊದಲು ಬಿಸಿನೀರಲ್ಲಿ ನೆನೆಸೋಣ," ಎಂದಳಂತೆ. ಅತ್ತೆ ಏನೆಂದರು? ಫಳಫಳಕ್ಕ ತಮ್ಮದೇ ಹಳೆಯ ದನಿಯನ್ನು ಅನುಕರಿಸಿ ತೋರಿಸುತ್ತಾರೆ, ಸೊಂಟಕ್ಕೆ ಕೈ ಇಟ್ಟು: "ಬಂದುಬಿಟ್ಲು ಪಂಡಿತೆ! ಧೂಳಿನ ವಿಷಯ ನನಗೆ ಹೇಳಿಕೊಡ್ತೀಯಾ? ಮಖಮಲ್ ನೀರಿಗೆ ಹಾಕಿದ್ರೆ ಸತ್ತೇ ಹೋಗುತ್ತೆ. ಬಾಯಿ ಮುಚ್ಕೊಂಡು ಹೊಲಿ." ತೋರಿಸಿ ಮುಗಿದ ಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

ಚಟಪಟಿಗೆ ಹೊದಿಕೆ ಎಂದರೆ ಪ್ರಾಣವಾಯಿತು. ಮೂಗಿನವರೆಗೆ ಎಳೆದುಕೊಂಡು, ಅದರ ಅಂಚನ್ನು ಕೆನ್ನೆಗೆ ಉಜ್ಜಿಕೊಂಡೇ ನಿದ್ದೆ ಹೋಗುತ್ತಿದ್ದಳು. ಮಲಗುತ್ತಿದ್ದುದು ಅಜ್ಜಿಯ ಪಕ್ಕದಲ್ಲಿ. ಕೆಲವೇ ವಾರಗಳಲ್ಲಿ ಕೆಮ್ಮು ಶುರುವಾಯಿತು. ಆಮೇಲೆ ಮೂಗು ಕಟ್ಟುವುದು, ಆಮೇಲೆ ಎದೆಯೊಳಗೆ ಸುಂಯ್ ಸುಂಯ್ ಸದ್ದು. ಬೆಳಗಿನ ಜಾವಕ್ಕೆ ಎಲ್ಲವೂ ಜೋರು. ಫಳಫಳಕ್ಕ ಕೆಲಸಕ್ಕೆ ಹೊರಡುವ ಮುಂಚೆ ಮನೆ ಗುಡಿಸುವುದು ಅದೇ ಹೊತ್ತಿನಲ್ಲಿ. ಮಗು ಮಲಗಿದ್ದ ಕೋಣೆಯಲ್ಲೇ ಚಾಪೆ ಕೊಡವಿ, ದಿಂಬು ಬಡಿದು, ಒಣ ಪೊರಕೆಯಲ್ಲಿ ಮೂಲೆ ಮೂಲೆ ಕೆರೆದು ಹೋಗುತ್ತಿದ್ದರು. ಮಗುವಿಗೆ ಹುಷಾರಿಲ್ಲವೆಂದು ಇನ್ನೂ ಜೋರಾಗಿ ಗುಡಿಸತೊಡಗಿದರು. ಕೆಲಸ ಮುಗಿಸಿ ಬಂದವರು ಹಾಲಿನ ಧೂಳು ಹೊತ್ತ ಅದೇ ಬಟ್ಟೆಯಲ್ಲಿ ಅವಳನ್ನು ಎತ್ತಿ ಎದೆಗೊತ್ತಿಕೊಳ್ಳುತ್ತಿದ್ದರು. ಮಗು ಅವರ ಭುಜಕ್ಕೆ ಮುಖ ಒತ್ತಿ ಕೆಮ್ಮುತ್ತಿತ್ತು.

ತಪ್ಪು ಯಾರದ್ದು? ಫಳಫಳಕ್ಕನ ಪ್ರಕಾರ ಅದು ಆಗಲೇ ತೀರ್ಮಾನವಾಗಿತ್ತು. ಸೊಸೆಯದ್ದು. ಒದ್ದೆ ತಲೆಯಲ್ಲಿ ಮಗುವನ್ನು ಓಡಾಡಿಸುತ್ತಾಳೆ. ಒಗ್ಗರಣೆ ಹೊಗೆ ಹೊರಗೆ ಬಿಡುವುದಿಲ್ಲ. ಹೊಲಿಗೆ ಯಂತ್ರದ ಕೆಳಗಿನ ದಾರದ ಚೂರು ಎತ್ತುವುದಿಲ್ಲ. ಇದನ್ನೆಲ್ಲ ಮನೆಯೊಳಗೆ ಹೇಳಿದ್ದರೂ ಆಗುತ್ತಿತ್ತು. ಅವರು ಹೇಳಿದ್ದು ಮೆಟ್ಟಿಲ ಮೇಲೆ, ನಾಲ್ಕೂ ಮಹಡಿಯವರು ನೀರು ಹಿಡಿಯಲು ನಿಲ್ಲುವ ನಲ್ಲಿಯ ಹತ್ತಿರ. "ನಾನು ಊರಿನ ಕೊಳೆ ತೊಳೀತೀನಿ, ನನ್ನ ಮನೇಲೇ ಮಗು ದಮ್ಮು ಕಟ್ಟಿ ಸಾಯುತ್ತೆ! ಮನೆ ಹೆಂಗಸು ಹೆಂಗಸಾಗಿದ್ರೆ ಹೀಗಾಗ್ತಿತ್ತಾ?" ಎಂದು ದಿನಕ್ಕೊಮ್ಮೆ ಡಂಗುರ ಸಾರಿದ್ದಾರೆ. ಸೊಸೆ ಕೊಡ ತುಂಬಿಸಿಕೊಂಡು ತಲೆ ತಗ್ಗಿಸಿ ಮೇಲೆ ಹತ್ತುತ್ತಿದ್ದಳು.

ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರಂತೆ, ಮನೆ ಗುಡಿಸುವುದು ಯಾರು, ಯಾವಾಗ, ಮಗು ಏನನ್ನು ಹೊದೆಯುತ್ತದೆ. ಫಳಫಳಕ್ಕ ಎದೆ ಉಬ್ಬಿಸಿ ಮುಂದೆ ಬಂದು ಎಲ್ಲವನ್ನೂ ಹೇಳಿದರು. ಧೂಳಿನ ಅಲರ್ಜಿ ಇರಬೇಕು, ಒಣ ಪೊರಕೆ ಬಿಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊದಿಕೆಯನ್ನು ಬಿಸಿನೀರಲ್ಲಿ ಒಗೆಯಿರಿ, ಒಗೆಯಲಾಗದ್ದನ್ನು ಮಗುವಿನ ಹತ್ತಿರ ಇಡಬೇಡಿ ಎಂದರು ಡಾಕ್ಟರಮ್ಮ. "ಅದೇ ಮಾತು. ಸೊಸೆ ಮೊದಲೇ ಹೇಳಿದ್ದ ಮಾತು," ಎನ್ನುತ್ತಾರೆ ಫಳಫಳಕ್ಕ. "ಅವಳು ಪಕ್ಕದಲ್ಲೇ ನಿಂತಿದ್ಲು. ನಾನು ಹೇಳಿರಲಿಲ್ವಾ ಅತ್ತೆ ಅಂತ ಒಂದು ಮಾತು ಅನ್ನಬಹುದಿತ್ತು. ಡಾಕ್ಟ್ರ ಮುಂದೆ ನನ್ನ ಮಾನ ಕಾದಳು. ನಾನು ಹೊರಗೆ ಬಂದು ಏನಂದೆ ಗೊತ್ತಾ? ಧೂಳು ನನಗೆ ಹೇಳಿಕೊಡೋಕೆ ಈ ಡಾಕ್ಟ್ರು ಯಾವತ್ತು ಪೊರಕೆ ಹಿಡಿದಿದ್ದಾಳೆ ಅಂದೆ."

ಸೊಸೆ ಆ ರಾತ್ರಿಯೇ ಕೆಂಪು ಹೊದಿಕೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಎರಡು ದಿನ ಮಗು ಹತ್ತಿಯ ಹೊದಿಕೆಯಲ್ಲಿ ಮಲಗಿ ರಂಪ ಮಾಡಿತು. ಮೂರನೆಯ ದಿನ ಫಳಫಳಕ್ಕ ಪೆಟ್ಟಿಗೆ ತೆಗೆದು ಹೊದಿಕೆ ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ನಿಂತು ಸೊಸೆಯ ಮಾನ ಹರಾಜು ಹಾಕಿದರು. ಮಗು ಪ್ರೀತಿಯಿಂದ ಹೊದ್ದುಕೊಳ್ಳುವುದನ್ನು ಕಿತ್ತುಕೊಳ್ಳುವವಳು ತಾಯಿಯೇ ಎಂದು ಕೇಳಿದರು. ಮಗು ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿತು. ಅಂದು ಚಟಪಟಿ ಮತ್ತೆ ಕೆಂಪು ಹೊದಿಕೆ ಹೊದ್ದು, ಅಜ್ಜಿಯ ಪಕ್ಕದಲ್ಲಿ ಮಲಗಿದಳು.

ಇಲ್ಲಿಗೆ ಬಂದ ಫಳಫಳಕ್ಕ ಎದ್ದು ಹೋಗಿ, ಆಗಲೇ ಒರೆಸಿ ಮುಗಿಸಿದ್ದ ಒಂದು ಕುರ್ಚಿಯನ್ನು ಮತ್ತೆ ಒರೆಸುತ್ತಾರೆ. ಬೆನ್ನು ನನ್ನ ಕಡೆ ಇಟ್ಟುಕೊಂಡೇ ಹೇಳುತ್ತಾರೆ. "ಬೆಳಿಗ್ಗೆ ನಾನು ಚಾಪೆ ಕೊಡವ್ತಾ ಇದ್ದೆ. ಮಗು ಎದ್ದು ಕೂತ್ಕೊಂಡ್ಲು. ಬಾಯಿ ತೆರೆದಿದ್ದಾಳೆ, ಉಸಿರು ಒಳಗೆ ಹೋಗ್ತಿಲ್ಲ. ತುಟಿ ಬಣ್ಣ ಹೋಗಿಬಿಡ್ತು. ಮಾತಿನ ಮಲ್ಲಿ ನನ್ನ ಚಟಪಟಿ, ಒಂದು ಶಬ್ದ ಇಲ್ಲ. ನನ್ನ ಕೈಲಿ ಪೊರಕೆ ಹಾಗೇ ಇತ್ತು. ಮಗ ಎತ್ಕೊಂಡು ಓಡಿದ."

ಮಗು ಬದುಕಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಬಾಯಿಗೆ ಇಟ್ಟು ಎಳೆದುಕೊಳ್ಳುವ ಪಂಪು ಕಲಿತು ಹೊರಬಂತು. ಸೊಸೆ ಆಸ್ಪತ್ರೆಯ ಬಾಗಿಲಿನಿಂದ ಈ ಮನೆಗೆ ಬರಲಿಲ್ಲ, ನೇರ ತಾಯಿಯ ಮನೆಗೆ ಹೋದಳು. ಜಗಳವಿಲ್ಲ, ಕೂಗಾಟವಿಲ್ಲ. ಮಗುವಿನ ಬಟ್ಟೆ ತರಲು ಗಂಡನನ್ನು ಕಳಿಸಿದಳು, ಅಷ್ಟೇ.

ಬೀಗಿತ್ತಿಯ ಮನೆಯ ಬಗ್ಗೆ ಫಳಫಳಕ್ಕನಿಗೆ ಮೊದಲಿನಿಂದಲೂ ತಾತ್ಸಾರ. ಆಕೆಗೆ ಮಂಡಿ ನೋವು, ಬಗ್ಗಿ ಗುಡಿಸಲಾಗುವುದಿಲ್ಲ. ಕೋಲಿಗೆ ಹಳೆಯ ಬಟ್ಟೆ ಕಟ್ಟಿ ಒದ್ದೆ ಮಾಡಿ ನೆಲದ ಮೇಲೆ ಎಳೆದುಬಿಡುತ್ತಾಳೆ. ಕಿಟಕಿಗೆ ಪರದೆಯಿಲ್ಲ, ನೆಲಕ್ಕೆ ಜಮಖಾನೆಯಿಲ್ಲ. "ಮೂಗು ಮುರೀತಿದ್ದೆ ನಾನು, ಸೋಮಾರಿ ಮನೆ ಅಂತ. ಮಗ ಬಂದು ಹೇಳಿದ, ಅಮ್ಮಾ, ಅಲ್ಲಿ ಚಟಪಟಿ ಪಂಪು ಮುಟ್ಟೇ ಇಲ್ಲ, ಬೆಳಗ್ಗೆವರೆಗೂ ನಿದ್ದೆ ಮಾಡ್ತಾಳೆ. ನಾನು ನಂಬಲಿಲ್ಲ. ಹೆಂಡ್ತಿ ಹೇಳಿಕೊಟ್ಟಿದ್ದಾಳೆ ಅಂದೆ."

ನಂಬಿಸಿದ್ದು ಈ ಚಿತ್ರಮಂದಿರ. ಪ್ರೊಜೆಕ್ಟರಿಗೆ ಹೊಸ ದೀಪ ಹಾಕಿದ್ದ ದಿನ ಆಪರೇಟರ್ ಬೆಳಿಗ್ಗೆಯೇ ಬಂದು ಪರೀಕ್ಷೆ ಮಾಡಲು ಹಾಲಿನ ದೀಪಗಳನ್ನೆಲ್ಲ ಆರಿಸಿದ. ಫಳಫಳಕ್ಕ ನಡು ಸಾಲಿನಲ್ಲಿ ಗುಡಿಸುತ್ತಿದ್ದರು. ಹಿಂದಿನ ಗೋಡೆಯ ಕಿಂಡಿಯಿಂದ ಬೆಳಕು ತೆರೆಯವರೆಗೆ ಚಾಚಿಕೊಂಡಿತು. ಆ ಬೆಳಕಿನ ತುಂಬ ಧೂಳು. ಅವರು ಆಗಷ್ಟೇ ಗುಡಿಸಿ ಬಂದಿದ್ದ ಸಾಲುಗಳ ಮೇಲೆಲ್ಲ ಧೂಳು ಗಾಳಿಯಲ್ಲಿ ನಿಂತಿತ್ತು, ನಿಧಾನಕ್ಕೆ ಕುರ್ಚಿಗಳ ಮೇಲೆ ಇಳಿಯುತ್ತಿತ್ತು. ಪೊರಕೆ ಬೀಸಿದರೆ ಇನ್ನಷ್ಟು ಎದ್ದಿತು. ನಿಲ್ಲಿಸಿದರು. ಚಹಾ ಕುಡಿಯುವಷ್ಟು ಹೊತ್ತು ಸುಮ್ಮನೆ ನಿಂತರೂ ಅದು ಪೂರ್ತಿ ಇಳಿಯಲಿಲ್ಲ.

"ಇಷ್ಟು ವರ್ಷ ಇದೇ ಹಾಲಲ್ಲಿದ್ದೀನಿ. ಯಾವತ್ತೂ ದೀಪ ಹಾಕ್ಕೊಂಡೇ ಗುಡಿಸಿದ್ದು. ನೆಲ ನೋಡಿದ್ದೆ, ಗಾಳಿ ನೋಡಿರಲಿಲ್ಲ," ಎನ್ನುತ್ತಾರೆ. "ನಾನು ಕಸ ತೆಗೀತಿರಲಿಲ್ಲ. ಇಲ್ಲಿಂದ ಎತ್ತಿ ಅಲ್ಲಿಗೆ ಇಡ್ತಿದ್ದೆ. ಆಗ್ಲೇ ನನಗೆ ಆ ಹೊದಿಕೆ ನೆನಪಾಯ್ತು."

ಮರುದಿನ ಅವರು ಕೆಂಪು ಹೊದಿಕೆಯನ್ನು ಚೀಲದಲ್ಲಿ ತಂದರು. ಆಪರೇಟರನನ್ನು ಕಾಡಿ ಬೇಡಿ ದೀಪ ಆರಿಸಿ ಪ್ರೊಜೆಕ್ಟರ್ ಹಾಕಿಸಿದರು. ಮುದುಕಪ್ಪ ಬಾಗಿಲಲ್ಲಿ ನಿಂತಿದ್ದರು. ಬೆಳಕಿನ ಕೆಳಗೆ ಹೋಗಿ ಫಳಫಳಕ್ಕ ಹೊದಿಕೆಯನ್ನು ಒಂದೇ ಸಲ ಕೊಡವಿದರು.

ಮುಂದಿನದನ್ನು ಅವರು ಹೇಳುವುದಿಲ್ಲ. ನಾನು ಹೊರಗೆ ಬಂದು ಮುದುಕಪ್ಪನನ್ನು ಕೇಳುತ್ತೇನೆ. "ತೆರೆ ಕಾಣಲಿಲ್ಲ ಸ್ವಾಮಿ," ಎನ್ನುತ್ತಾರೆ ಅವರು. "ಅಷ್ಟು ಧೂಳು ಒಂದು ಹೊದಿಕೇಲಿ ಇರುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ. ಅಕ್ಕ ಅದರ ಮಧ್ಯೆ ನಿಂತಿದ್ರು. ಛೀ, ಛೀ ಅಂತಿದ್ರು. ಯಾರಿಗೆ ಅಂತಿದ್ದಾರೆ ಅಂತ ನೋಡಿದ್ರೆ, ತಮಗೇ ಅಂದ್ಕೊಳ್ತಿದ್ರು. ಕೊನೆಗೆ ಆಪರೇಟರ್ರೇ ದೀಪ ಹಾಕಿದ. ಆ ಮುಖ ನೋಡೋಕಾಗಲಿಲ್ಲ, ನಾನು ಹೊರಗೆ ಬಂದುಬಿಟ್ಟೆ."

ಫಳಫಳಕ್ಕನಿಗೆ ಅವಮಾನ ಹೊಸದಲ್ಲ. ಕುರ್ಚಿಯ ಕೆಳಗೆ ಉಗಿದವರನ್ನು ಕಂಡಿದ್ದಾರೆ, ಕಾಲ ಬಳಿ ಕಸ ಎಸೆದು ನಕ್ಕವರನ್ನು ಕಂಡಿದ್ದಾರೆ. ಅದೆಲ್ಲ ಬೇರೆಯವರ ನಾಚಿಕೆಗೇಡು ಎಂದು ತಳ್ಳಿಹಾಕಬಹುದಿತ್ತು. ಇದನ್ನು ಯಾರ ತಲೆಗೂ ಕಟ್ಟುವ ಹಾಗಿಲ್ಲ. "ಯಾರಾದ್ರೂ ಬೈದಿದ್ರೆ ನಾನೂ ನಾಲ್ಕು ಮಾತು ತಿರುಗಿ ಬೈದು ಹಗುರ ಆಗ್ತಿದ್ದೆ. ಯಾರೂ ಬೈಲಿಲ್ಲ. ಮಗನೂ ಬೈಲಿಲ್ಲ. ಮಗುವಿಗೆ ವಿಷ ಹೊದಿಸಿ, ಹೆತ್ತವಳನ್ನ ಕೆಟ್ಟವಳು ಮಾಡಿದ್ದೀನಿ. ನಲ್ಲಿ ಹತ್ರ ಹೋಗೋಕೆ ನಾಚಿಕೆ. ಕನ್ನಡಿ ಮುಂದೆ ನಿಲ್ಲೋಕೂ ನಾಚಿಕೆ. ಇವರು ಫಳಫಳಕ್ಕಾ ಅಂತ ಕರೆದ್ರೆ ಕಪಾಳಕ್ಕೆ ಹೊಡೆದ ಹಾಗಾಗುತ್ತೆ."

ಆವತ್ತು ಸಂಜೆ ಸೊಸೆಗೆ ಫೋನು ಮಾಡಿದರು. ಕ್ಷಮಿಸು ಎನ್ನಬೇಕೆಂದೇ ಮಾಡಿದ್ದು. ಆ ಕಡೆಯಿಂದ "ಹೇಳಿ ಅತ್ತೆ" ಎಂಬ ದನಿ ಕೇಳಿದ್ದೇ ಆ ಮಾತು ಹಿಂದೆ ಸರಿಯಿತು. ಬಾಯಿಂದ ಹೊರಬಂದದ್ದು, "ಬೀರುವಿನ ಮೇಲೆ ಹೇಗೆ ಒರೆಸಬೇಕು?" ಎಂಬ ಪ್ರಶ್ನೆ. ಸೊಸೆ, ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಒಂದೇ ಕಡೆಗೆ ಎಳೆಯಿರಿ, ಹಿಂದೆ ಮುಂದೆ ಉಜ್ಜಬೇಡಿ ಎಂದು ಹೇಳಿಕೊಟ್ಟಳು. ಮರುದಿನ ಹಾಸಿಗೆಯ ಬಗ್ಗೆ ಕೇಳಿದರು. ಅದರ ಮರುದಿನ ಫ್ಯಾನಿನ ರೆಕ್ಕೆಯ ಬಗ್ಗೆ. ಆಸ್ಪತ್ರೆಯ ನರ್ಸ್ ಹೇಳಿದ್ದನ್ನೆಲ್ಲ ಸೊಸೆ ಒಂದೊಂದಾಗಿ ಅತ್ತೆಗೆ ಒಪ್ಪಿಸಿದಳು. ಹೀಗೆ ದಿನವೂ ಫೋನಿನಲ್ಲಿ ಪಾಠ ನಡೆಯಿತು. ಇಬ್ಬರೂ ಧೂಳಿನ ಬಗ್ಗೆ ಮಾತ್ರ ಮಾತಾಡಿದರು.

"ಮಗು ಒಂದ್ಸಲ ಫೋನ್ ಕಿತ್ಕೊಂಡು, ಅಜ್ಜಿ, ನನ್ನ ರಾಜಕುಮಾರಿ ಹೊದಿಕೆ ಹುಷಾರಾಗಿದ್ಯಾ ಅಂತ ಕೇಳಿದ್ಲು," ಎನ್ನುತ್ತಾರೆ ಫಳಫಳಕ್ಕ. "ಹೂಂ ಅಂದೆ. ಇನ್ನೊಂದು ಸುಳ್ಳು."

ಬಾಲ್ಕನಿ ಮುಗಿಯುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಫಳಫಳಕ್ಕ ಸ್ನಾನದ ಮನೆಗೆ ಹೋಗಿ ಬಟ್ಟೆ ಬದಲಿಸಿ, ಮುಖ ಕೈ ತೊಳೆದು, ಕೂದಲು ಒರೆಸಿಕೊಂಡು ಬರುತ್ತಾರೆ. ಕೆಲಸದ ಬಟ್ಟೆ ಚೀಲದೊಳಗೆ, ಚೀಲದ ಬಾಯಿಗೆ ಗಂಟು. ಮೊದಲು ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುತ್ತಿದ್ದರಂತೆ. ನನ್ನನ್ನೂ ಮನೆಗೆ ಕರೆಯುತ್ತಾರೆ. "ನೀವು ಬಂದ್ರೆ ನನಗೆ ಸ್ವಲ್ಪ ಧೈರ್ಯ. ಪೇಪರಿನವರ ಮುಂದೆ ನಾನು ಬಾಯಿಗೆ ಬಂದ ಹಾಗೆ ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೀನಿ."

ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಬಾಗಿಲ ಹೊರಗೇ ಚಪ್ಪಲಿ, ಒಳಗೆ ಒದ್ದೆ ಕಾಲೊರೆಸು. ಕಿಟಕಿ ಪೂರ್ತಿ ತೆರೆದಿದೆ, ಪರದೆಯಿಲ್ಲ. ಜಮಖಾನೆ ಹೋಗಿದೆ, ಗೋಡೆಯ ಮೇಲಿನ ಬಟ್ಟೆಯ ಹೂಗಳೂ ಹೋಗಿವೆ. ಮಂಚದ ಹಾಸಿಗೆಗೆ ಜಿಪ್ಪು ಹಾಕುವ ಕವರು ತೊಡಿಸಿದ್ದಾರೆ. ದಿಂಬಿನ ಬಟ್ಟೆ, ಹಾಸಿಗೆಯ ಬಟ್ಟೆ ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿದ ವಾಸನೆ ಬೀರುತ್ತಿವೆ. ಕಿವಿಯೊಂದು ಸಡಿಲಾದ ಬಟ್ಟೆಯ ಮೊಲವೂ ಸ್ನಾನ ಮಾಡಿ ಕಿಟಕಿಯಲ್ಲಿ ಕುಳಿತಿದೆ. ಹೊಲಿಗೆ ಯಂತ್ರದ ಕೆಳಗೆ ಒಂದು ದಾರದ ಚೂರಿಲ್ಲ. ನನಗೆ ನಮ್ಮ ಮನೆಯ ಕಿಟಕಿ ಪರದೆಗಳು ನೆನಪಾಗುತ್ತವೆ. ಅವುಗಳನ್ನು ಕೊನೆಯ ಸಲ ಯಾವಾಗ ಒಗೆದದ್ದೋ, ಕೇಳಬೇಡಿ.

"ನೋಡೋಕೆ ಬೋಳು ಬೋಳು ಅಲ್ವಾ?" ಎಂದು ಫಳಫಳಕ್ಕ ಕೇಳುತ್ತಾರೆ. ನಾನು ಚೆನ್ನಾಗಿದೆ ಎನ್ನುತ್ತೇನೆ. "ನೀವು ಚೆನ್ನಾಗಿದೆ ಅಂದ್ರೆ ಏನಾಯ್ತು, ಅವಳು ಅನ್ನಬೇಕಲ್ಲ," ಎಂದು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಬರುತ್ತಾರೆ, ಮತ್ತೆ ಹೋಗುತ್ತಾರೆ. ಕೆಳಗೆ ನಲ್ಲಿಯ ಹತ್ತಿರ ಕೊಡಗಳ ಸದ್ದು, ಹೆಂಗಸರ ಮಾತು. ಅಷ್ಟರಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಪುಟ್ಟ ದನಿ ಕೇಳುತ್ತದೆ. ಮೆಟ್ಟಿಲಿಗೊಂದು ಪ್ರಶ್ನೆ ಕೇಳುತ್ತ ಮೇಲೆ ಬರುತ್ತಿದೆ.

ಫಳಫಳಕ್ಕ ಇಳಿದು ಓಡುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. ಮೊದಲ ಮಹಡಿಯ ತಿರುವಿನಲ್ಲಿ, ನಲ್ಲಿಯ ಸಾಲಿನವರಿಗೆಲ್ಲ ಕಾಣುವಂತೆ, ಸೊಸೆ ಮಗುವಿನ ಕೈ ಹಿಡಿದು ನಿಂತಿದ್ದಾಳೆ. ಸಣಕಲು ಹೆಂಗಸು, ಹೆಗಲಲ್ಲಿ ಒಂದೇ ಚೀಲ. ಇರಲು ಬಂದವರ ಚೀಲದಷ್ಟು ದೊಡ್ಡದಲ್ಲ. ಗಂಡ ನಾಲ್ಕು ಮೆಟ್ಟಿಲು ಕೆಳಗೆ, ಎಂದಿನಂತೆ ನಡುವೆ ಸಿಕ್ಕಿಕೊಂಡವನ ಮುಖ ಹೊತ್ತು ನಿಂತಿದ್ದಾನೆ. ಚಟಪಟಿ ಅಜ್ಜಿಯ ಕಡೆ ನುಗ್ಗಲು ನೋಡುತ್ತಾಳೆ, ತಾಯಿ ಕೈ ಬಿಡುವುದಿಲ್ಲ. ಅಜ್ಜಿ ಚಾಚಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

"ಅಜ್ಜಿ, ನನ್ನ ರಾಜಕುಮಾರಿ ಹೊದಿಕೆ ಎಲ್ಲಿ?"

"ಅದಿಲ್ಲ ಪುಟ್ಟಾ. ಬಿಸಾಕಿಬಿಟ್ಟೆ," ಎನ್ನುತ್ತಾರೆ ಫಳಫಳಕ್ಕ. "ಅದರಲ್ಲಿ ತುಂಬಾ ಧೂಳಿತ್ತು. ಅದರಿಂದಲೇ ನಿನಗೆ ಉಸಿರು ಕಟ್ಟುತ್ತಿದ್ದದ್ದು."

ಮಗು ಯೋಚಿಸುತ್ತದೆ. ಅದರ ಲೆಕ್ಕದಲ್ಲಿ ಏನೋ ತಾಳೆಯಾಗುತ್ತಿಲ್ಲ. "ಅಮ್ಮನಿಂದ ಅಂತ ಹೇಳಿದ್ಯಲ್ಲ ಅಜ್ಜಿ? ಅಮ್ಮ ಕೆಟ್ಟವಳು, ಅದಕ್ಕೇ ನನಗೆ ಹುಷಾರಿಲ್ಲ ಅಂದ್ಯಲ್ಲ? ಇಲ್ಲೇ ಮೆಟ್ಟಿಲ ಮೇಲೆ ನಿಂತ್ಕೊಂಡು ಹೇಳಿದ್ದೆ."

ನಲ್ಲಿಯ ಹತ್ತಿರ ಯಾರದೋ ಕೊಡ ತುಂಬಿ ನೀರು ಚೆಲ್ಲುತ್ತಿದ್ದರೂ ಯಾರೂ ನಲ್ಲಿ ತಿರುಗಿಸುವುದಿಲ್ಲ. ಸೊಸೆ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಾಳೆ. ಫಳಫಳಕ್ಕ ನನ್ನ ಕಡೆ ಒಮ್ಮೆ ನೋಡುತ್ತಾರೆ, ಕೆಳಗೆ ನಿಂತವರ ಕಡೆ ಒಮ್ಮೆ. ಆಮೇಲೆ ಮೆಟ್ಟಿಲ ಮೇಲೆ ಕುಕ್ಕರಿಸಿ ಮಗುವಿನ ಮುಖಕ್ಕೆ ಮುಖ ತರುತ್ತಾರೆ, ಆದರೆ ಮುಟ್ಟುವುದಿಲ್ಲ.

"ಹೇಳಿದ್ದೆ ಪುಟ್ಟಾ. ಸುಳ್ಳು ಹೇಳಿದ್ದೆ," ಎನ್ನುತ್ತಾರೆ, ಹಿಂದೆ ಬೈಯುತ್ತಿದ್ದಷ್ಟೇ ಗಟ್ಟಿಯಾಗಿ. "ಹೊದಿಕೆ ತಂದವಳು ನಾನು. ಬೆಳಬೆಳಿಗ್ಗೆ ನಿನ್ನ ಮೂಗಿನ ಹತ್ರ ಧೂಳು ಎಬ್ಬಿಸಿದವಳು ನಾನು. ನಿಮ್ಮಮ್ಮ ಮೊದಲೇ ಹೇಳಿದ್ಲು, ನಾನು ಕೇಳಲಿಲ್ಲ. ನಿಮ್ಮಮ್ಮನಿಗೆ ಎಲ್ಲರ ಮುಂದೆ ಬೈದೆ. ತಪ್ಪು ಅಜ್ಜಿದು, ಪೂರ್ತಿ ಅಜ್ಜಿದು." ಕತ್ತೆತ್ತಿ ಸೊಸೆಯನ್ನು ನೋಡುತ್ತಾರೆ. ಕಣ್ಣಿಂದ ನೀರು ಇಳಿಯುತ್ತಿದೆ, ಒರೆಸಿಕೊಳ್ಳುವುದಿಲ್ಲ. "ಫೋನಲ್ಲಿ ಹೇಳೋಕೆ ಆಗಲಿಲ್ಲ ಕಣೆ. ನಾಚಿಕೆ ಆಗ್ತಿತ್ತು."

ಸೊಸೆ ಅತ್ತೆಯ ಬಟ್ಟೆ ನೋಡುತ್ತಾಳೆ, ಕೂದಲು ನೋಡುತ್ತಾಳೆ. ನನ್ನ ಕೈಯಲ್ಲಿರುವ ಚೀಲವನ್ನೂ ನೋಡುತ್ತಾಳೆ. ಬಾಯಿಗೆ ಗಂಟು ಹಾಕಿದ ಕೆಲಸದ ಬಟ್ಟೆಯ ಚೀಲ, ಗಡಿಬಿಡಿಯಲ್ಲಿ ಫಳಫಳಕ್ಕ ನನ್ನ ಕೈಗೆ ತುರುಕಿ ಓಡಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮನೆಗೆ ಬರುವ ದಾರಿಯಲ್ಲಿ ನಾನು ಫಳಫಳಕ್ಕನಿಗೆ ನಮ್ಮ ಕಸುಬಿನ ಹಳೆಯ ಪ್ರಶ್ನೆ ಕೇಳಿದ್ದೆ, ನಿಮ್ಮ ಆಸೆ ಏನು ಅಂತ. ಅವರು ನಡೆಯುತ್ತಲೇ ಹೇಳಿದ್ದರು: "ಪೇಪರಲ್ಲಿ ನನ್ನ ಫೋಟೋ ಬೇಡ. ನಮ್ಮ ಸೊಸೆ ಹೇಳಿದ್ದೇ ಸರಿ ಇತ್ತು ಅಂತ ಒಂದು ಸಾಲು ಬರೀರಿ. ನಲ್ಲಿ ಹತ್ರ ಇರೋರೆಲ್ಲ ನಿಮ್ಮ ಪೇಪರ್ ಓದ್ತಾರೆ." ಬರೆದಿದ್ದೇನೆ. ಸೊಸೆ ಹೇಳಿದ್ದೇ ಸರಿ ಇತ್ತು.

ಮೆಟ್ಟಿಲ ಮೇಲೆ ಸೊಸೆ ಬಾಯಿ ಬಿಡುತ್ತಾಳೆ. "ಹಾಲಲ್ಲೇ ಬಟ್ಟೆ ಬದಲಾಯಿಸಿದ್ರಾ ಅತ್ತೆ?"

"ಹೂಂ."

"ಕೈ, ಮುಖ?"

"ಸೋಪು ಹಾಕಿ ತೊಳೆದೆ. ಕೂದಲೂ ಒರೆಸ್ಕೊಂಡೆ."

ಸೊಸೆ ಮಗುವಿನ ಕೈ ಬಿಡುತ್ತಾಳೆ.

"ಹಾಗಾದ್ರೆ ಎತ್ಕೊಳ್ಳಿ."